ಮಡಿಲಿಗೆ ಬಂದ ಮಗು ಕಾಗದಕ್ಕೂ ಬರಲಿ

ಸಾಗರ

ಪುಟ್ಟಿ,

ಹೊಸನಗರದ ಮೈದುನನ ಕಿರಿಮಗಳನ್ನು ದತ್ತು ತಗೊಳ್ತೀರಂತೆ. ಸಂತೋಷ. ಆದರೆ ‘ಮನೆಯೊಳಗಿನ ಮಾತು, ಆಫೀಸು ಯಾಕೆ?’ ಅಂದರಂತೆ ನಿನ್ನತ್ತೆ. ಆ ಮಾತಿಗೇ ಈ ಪತ್ರ. ಎಲ್ಲರೂ ಓದಲೆಂದೇ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ನಿನ್ನಂಥವರು ಇನ್ನೂ ಇದ್ದಾರು.

ನಮ್ಮನೆಯಲ್ಲೂ ಹಾಗೇ ಅಂದಿದ್ದರು. ನಿನ್ನ ಕಿರಿಮಾವನನ್ನು ನಮ್ಮ ಚಿಕ್ಕಪ್ಪ ತೊಡೆಯ ಮೇಲೆ ಕೂರಿಸಿಕೊಂಡರು, ಊರಿಗೆಲ್ಲ ಹೋಳಿಗೆ ಊಟ. ಚಿಕ್ಕಪ್ಪ ತೀರಿಕೊಂಡ ಮೇಲೆ ತೋಟದ ಪೌತಿ ಖಾತೆಗೆ ವಂಶವೃಕ್ಷ ಬರೆಸಹೋದರೆ, ಶಾಲೆಯ ದಾಖಲೆಯಲ್ಲಿ ಹೆತ್ತಪ್ಪನ ಹೆಸರೇ! ಊಟಕ್ಕೆ ಬಂದವರಲ್ಲಿ ಉಳಿದವರು ಇಬ್ಬರು. ಒಬ್ಬರಿಗೆ ಹೋಳಿಗೆ ನೆನಪಿತ್ತು, ದತ್ತು ನೆನಪಿರಲಿಲ್ಲ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೋಮ ಆಗಲೇಬೇಕೆನ್ನುವುದಿಲ್ಲ. ಹೆತ್ತವರು ಮಗುವನ್ನು ನಿಜವಾಗಿ ಕೊಡಬೇಕು, ನೀವು ತಗೊಳ್ಳಬೇಕು. ಅದನ್ನು ಬರೆಸಿ, ಎರಡೂ ಕಡೆಯವರು ಸಹಿ ಹಾಕಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿದರೆ, ಸುಳ್ಳೆಂದು ಯಾರಾದರೂ ಸಾಬೀತು ಮಾಡುವ ತನಕ ಕೋರ್ಟು ಅದನ್ನು ಒಪ್ಪುತ್ತದೆ. ಮಗುವಿಗೆ 15 ತುಂಬಿರಬಾರದು. ಮೈಸೂರು ಅರಮನೆಯಲ್ಲಿ 2015ರಲ್ಲಿ 22ರ ಯದುವೀರರನ್ನು ದತ್ತು ತಗೊಳ್ಳಲಿಲ್ಲವೇ ಅನ್ನಬೇಡ. ರೂಢಿಯಿದ್ದರೆ ವಯಸ್ಸಿಗೆ ವಿನಾಯಿತಿ ಉಂಟು, ನಮ್ಮ ಕೇರಿಯ ರೂಢಿಯನ್ನು ಕೋರ್ಟಿಗೆ ತೋರಿಸುವವರು ಯಾರು? ಹೆಣ್ಣುಮಗುವಾದ್ದರಿಂದ ನಿನ್ನ ಗಂಡ ಅದಕ್ಕಿಂತ ಕನಿಷ್ಠ 21 ವರ್ಷ ದೊಡ್ಡವನಿರಬೇಕು, ಇದ್ದಾನೆ. ನಿಮಗಿರುವುದು ಮಗ, ಸರಿಹೋಯಿತು. ಮಗಳಿದ್ದಿದ್ದರೆ ಈ ಕಾಯ್ದೆಯಲ್ಲಿ ಇನ್ನೊಬ್ಬ ಮಗಳಿಗೆ ಜಾಗವಿಲ್ಲ; ಬಾಲನ್ಯಾಯ ಕಾಯ್ದೆ ಹಿಡಿದು ಜಿಲ್ಲಾಧಿಕಾರಿಯ ಆದೇಶಕ್ಕೆ ಹೋಗಬೇಕಿತ್ತು.

ದುಡ್ಡಿನ ಮಾತು ಯಾವ ಕಡೆಯಿಂದಲೂ ಬರಬಾರದು. ಕೊಟ್ಟರೂ ತಗೊಂಡರೂ ಜೈಲುಂಟು.

ನನಗೆ ಚಿಂತೆ ನಿನ್ನ ಓರಗಿತ್ತಿಯದು. ಅವಳು ಒಪ್ಪದೆ ಮೈದುನ ಒಬ್ಬನೇ ಮಗುವನ್ನು ಕೊಡುವಂತಿಲ್ಲ. ಕೊಟ್ಟ ಮೇಲೆ ಕಾನೂನಿನ ಪ್ರಕಾರ ಅವಳು ಬರೀ ಚಿಕ್ಕಮ್ಮ. ಸರಿಯಾಗಿ ಆದ ದತ್ತನ್ನು ನೀವೂ ರದ್ದು ಮಾಡಲಾರಿರಿ, ಮಗುವೂ ತವರಿಗೆ ಮರಳಲಾಗದು. ಮಗುವಿನ ಹೆಸರಿಗೆ ಆಗಲೇ ಬಂದ ಆಸ್ತಿಯಿದ್ದರೆ ಅದು ಮಗುವಿನದ್ದೇ. ಉಳಿದಂತೆ ಆ ಮಗು ನಿಮ್ಮ ಮನೆಯ ಮಗಳು. ಇದನ್ನೆಲ್ಲ ಓರಗಿತ್ತಿಗೆ ಯಾರಾದರೂ ಬಿಡಿಸಿ ಹೇಳಿದ್ದಾರಾ? ಹಿರಿಯರೆದುರು ತಲೆಯಾಡಿಸಿದ್ದು ಒಪ್ಪಿಗೆಯಲ್ಲ.

ದತ್ತುಪತ್ರ ಬರೆಸುವ ಮೊದಲು ಒಮ್ಮೆ ಹೊಸನಗರಕ್ಕೆ ಹೋಗು. ಗಂಡಸರು ಜಗಲಿಯಲ್ಲಿ ಕೊನೆಕೊಯ್ಲಿನ ಮಾತಾಡಿಕೊಂಡಿರಲಿ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇರುವಾಗ ಕೇಳು. ಸುಮ್ಮನಾದಳೋ, ಹಾಗೇ ವಾಪಸು ಬಾ.

ನಿನ್ನ
ಸೋದರಮಾವ