ಬೆಂಕಿ ಮುಟ್ಟದ ಅಡುಗೆ: ಮನೆಯಲ್ಲಿ ಮಿಲ್ಕ್ ಶೇಕ್ ಮತ್ತು ತಂಪು ಪಾನೀಯ



ದೊಡ್ಡ ಹಾಲ್‌ನಲ್ಲಿ ಐನೂರು ಜನರ ಮದುವೆಗೆ ಜ್ಯೂಸ್ ಕೌಂಟರ್ ಹಾಕುವವರು ಬೇರೆಯೇ ಇದ್ದಾರೆ. ಅವರಲ್ಲಿ ಮೆಷಿನ್ ಇದೆ, ಡೀಪ್ ಫ್ರೀಜರ್ ಇದೆ, ಅದಕ್ಕೆಂದೇ ಹುಡುಗರಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಬರುವುದು ಸೊಸೈಟಿಯ ಫ್ಲಾಟಿನಲ್ಲಿ ನಡೆಯುವ ನಾಮಕರಣ, ಸತ್ಯನಾರಾಯಣ ಪೂಜೆ, ಮಕ್ಕಳ ಹುಟ್ಟುಹಬ್ಬ ಇಂಥ ನಲವತ್ತು ಐವತ್ತು ಜನರ ಆರ್ಡರ್. ಊಟದ ಲಿಸ್ಟ್ ಎಲ್ಲಾ ಬರೆದಾದ ಮೇಲೆ ಮನೆಯವರು ಕೇಳುತ್ತಾರೆ, "ಬಂದ ಕೂಡಲೇ ಕುಡಿಯಲಿಕ್ಕೆ ಏನು ಕೊಡ್ತೀರಿ ಅಣ್ಣಾ?" ನಾವು ಪುಸ್ತಕ ಮಡಚುತ್ತಾ, "ಏನಾದರೂ ಶೇಕ್ ಮಾಡುವ ಬಿಡಿ" ಅನ್ನುತ್ತೇವೆ. ಬಿಸಿಬೇಳೆಬಾತಿಗೆ ಕೊಟ್ಟ ಯೋಚನೆಯಲ್ಲಿ ನಾಲ್ಕನೇ ಒಂದು ಪಾಲನ್ನೂ ಇದಕ್ಕೆ ಕೊಡುವುದಿಲ್ಲ. ಆದರೆ ಅತಿಥಿ ಮೊದಲು ಬಾಯಿಗೆ ಹಾಕುವುದು ಅದನ್ನೇ.

ಸಾಂಬಾರಿಗೆ ಉಪ್ಪು ಹೆಚ್ಚಾದರೆ ನೀರು ಬೇಳೆ ಸೇರಿಸಿ ಇನ್ನೊಂದು ಕುದಿ ಬರಿಸಬಹುದು. ಶೇಕ್, ಶರಬತ್ತಿಗೆ ಆ ಅವಕಾಶ ಇಲ್ಲ. ಇದು ಬೆಂಕಿ ಮುಟ್ಟದ ಅಡುಗೆ. ನೀರಿನಲ್ಲಿ, ಕೈಯಲ್ಲಿ, ಐಸಿನಲ್ಲಿ ಏನಿದೆಯೋ ಅದು ನೇರವಾಗಿ ಅತಿಥಿಯ ಹೊಟ್ಟೆಗೆ ಹೋಗುತ್ತದೆ. ಯಾವ ಹಣ್ಣು ಹಾಲಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು.

ನಾವು ಇದನ್ನು ಕಲಿತದ್ದು ಪೆಟ್ಟು ತಿಂದು. 2003ರ ಮೇ ತಿಂಗಳು, ಡೊಂಬಿವಿಲಿಯಲ್ಲಿ ಒಂದು ಉಪನಯನ, ಅರುವತ್ತು ಜನ. ಅನಾನಸು ಅಗ್ಗದಲ್ಲಿ ಸಿಕ್ಕಿತ್ತು. ಬೆಳಿಗ್ಗೆ ಹತ್ತಕ್ಕೇ ಹಸಿ ಅನಾನಸು, ಹಾಲು, ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ಎರಡು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಐಸಿನ ಮೇಲೆ ಇಟ್ಟೆವು. ಆಗ ರುಚಿ ನೋಡಿದೆವು, ಒಳ್ಳೆಯದೇ ಇತ್ತು. ಹನ್ನೆರಡೂವರೆಗೆ ಗ್ಲಾಸಿಗೆ ಹೊಯ್ಯುವಾಗ ಮೇಲೆ ತೆಳ್ಳಗೆ ನೀರು, ಕೆಳಗೆ ಮೊಸರಿನಂಥ ಗಂಟು. ಸೌಟಿನಲ್ಲಿ ಕದಡಿ ಕೊಟ್ಟೆವು. ಮನೆಯ ಹಿರಿಯರು ಒಂದು ಗುಟುಕು ಕುಡಿದು ಗ್ಲಾಸನ್ನು ಮೆಲ್ಲಗೆ ಕಿಟಕಿಯ ಮೇಲೆ ಇಟ್ಟರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನಾವು ಒಳಗೆ ಹೋಗಿ ಕುಡಿದು ನೋಡಿದರೆ ಹಾಗಲಕಾಯಿಯ ಕಹಿ. ಹಾಲು ಕೆಟ್ಟಿದೆ ಎಂದು ಹಾಲಿನವನಿಗೆ ಬೈದೆವು. ಪಾಪ, ಅವನದ್ದೇನೂ ತಪ್ಪಿರಲಿಲ್ಲ. ಊಟ ಚೆನ್ನಾಗಿಯೇ ಆಯಿತು, ಹಣವನ್ನೂ ಪೂರ್ತಿ ಕೊಟ್ಟರು. ಆದರೆ ಆ ಮನೆಯಿಂದ ಮತ್ತೆ ಫೋನ್ ಬರಲಿಲ್ಲ. ಅದೇ ಮನೆಯ ಮಗಳ ಮದುವೆ ಬೇರೆಯವರ ಪಾಲಾಯಿತು.

ಕಾರಣ ಹೀಗಿದೆ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಅಂಶ ಇದೆ. ಮಾಂಸ ಮೆತ್ತಗಾಗಲು ಅನಾನಸಿನ ರಸ ಹಚ್ಚುವುದು ಇದೇ ಕಾರಣಕ್ಕೆ. ಅದು ಹಾಲಿನ ಪ್ರೊಟೀನನ್ನು ಕತ್ತರಿಸುತ್ತಾ ಹೋಗುತ್ತದೆ, ಆ ತುಂಡುಗಳೇ ನಾಲಿಗೆಗೆ ಕಹಿ. ಅದರ ಮೇಲೆ ಹಣ್ಣಿನ ಹುಳಿಯೂ ಸೇರಿ ಹಾಲು ಒಡೆಯುತ್ತದೆ. ತಣ್ಣಗಿಟ್ಟರೆ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಉಪಾಯ ಸುಲಭ. ಅನಾನಸಿನ ತುಂಡುಗಳನ್ನು ಸಕ್ಕರೆ, ಸ್ವಲ್ಪ ನೀರು ಹಾಕಿ ಎಂಟು ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಕುದಿಸಿದರೆ ಬ್ರೊಮೆಲಿನಿನ ಶಕ್ತಿ ಹೋಗುತ್ತದೆ. ಪೂರ್ತಿ ತಣ್ಣಗಾಗಿಸಿ ಫ್ರಿಜ್ಜಿನಲ್ಲಿಟ್ಟು, ಕೊಡುವ ಹೊತ್ತಿಗೆ ಮಾತ್ರ ತಣ್ಣನೆಯ ಹಾಲಿನ ಜೊತೆ ತಿರುಗಿಸಬೇಕು. ಡಬ್ಬಿಯ ಅನಾನಸು ಮೊದಲೇ ಬೆಂದಿರುವುದರಿಂದ ಕಹಿಯಾಗುವುದಿಲ್ಲ. ಆದರೆ ಹುಳಿ ಎರಡರಲ್ಲೂ ಉಳಿದಿರುತ್ತದೆ, ಆದ್ದರಿಂದ ಮಾಡಿ ಇಡಬಾರದು.

ಪಪ್ಪಾಯಿ, ಕಿವಿ, ತಾಜಾ ಅಂಜೂರ ಇವುಗಳದ್ದೂ ಇದೇ ಜಾತಿ. ಚೆನ್ನಾಗಿ ಹಣ್ಣಾದ ಪಪ್ಪಾಯಿಯಲ್ಲಿ ಆ ಗುಣ ಕಾಯಿಯಷ್ಟು ಇರುವುದಿಲ್ಲ, ಆದರೂ ಇಟ್ಟರೆ ಕಹಿ ಬರುತ್ತದೆ. ಜ್ಯೂಸ್ ಸೆಂಟರಿನವರು ಪಪ್ಪಾಯಿ ಶೇಕನ್ನು ಗಿರಾಕಿ ನಿಂತಿರುವಾಗಲೇ ತಿರುಗಿಸಿ ಕೊಡುತ್ತಾರೆ, ನೋಡಿರಬಹುದು. ಮನೆ ಕಾರ್ಯಕ್ರಮಕ್ಕೆ ನಾವು ಪಪ್ಪಾಯಿ ಒಪ್ಪಿಕೊಳ್ಳುವುದಿಲ್ಲ.

ಹಾಲಿಗೆ ಹೇಳಿ ಮಾಡಿಸಿದ ಹಣ್ಣು ಚಿಕ್ಕು, ಬಾಳೆ, ಮಾವು, ಸೀತಾಫಲ. ಇವುಗಳಲ್ಲಿ ಮುಂಬಯಿಯವರಿಗೆ ಚಿಕ್ಕುವಿನಷ್ಟು ಅನುಕೂಲದ್ದು ಬೇರೆ ಇಲ್ಲ. ಡಹಾಣು, ಘೋಲ್ವಡ್ ಕಡೆಯ ಚಿಕ್ಕು ಹತ್ತಿರದಲ್ಲೇ ಬೆಳೆಯುತ್ತದೆ. ಅದಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮೂರು ದಿನ ಮೊದಲು ಸ್ವಲ್ಪ ಗಟ್ಟಿ ಇರುವುದನ್ನೇ ತಂದು ಕಾಗದದಲ್ಲಿ ಸುತ್ತಿ ಮನೆಯಲ್ಲೇ ಹಣ್ಣು ಮಾಡಿಕೊಳ್ಳಿ. ಅರ್ಧ ಹಣ್ಣಾದದ್ದನ್ನು ಹಾಕಿದರೆ ಒಗರು ಗಂಟಲಿಗೆ ಹಿಡಿಯುತ್ತದೆ, ಎಷ್ಟು ಸಕ್ಕರೆ ಹಾಕಿದರೂ ಹೋಗುವುದಿಲ್ಲ. ಸಿಪ್ಪೆ ತೆಗೆಯಲೇಬೇಕು, ಬೀಜ ಎಣಿಸಿ ತೆಗೆಯಬೇಕು. ಬೀಜದ ತುದಿಯಲ್ಲಿ ಕೊಕ್ಕೆ ಇದೆ, ಮಕ್ಕಳ ಗಂಟಲಿಗೆ ಅಪಾಯ.

ಸೀತಾಫಲದ ಬೀಜವಂತೂ ಮಿಕ್ಸಿಯಲ್ಲಿ ಒಡೆಯಲೇಬಾರದು, ಅದು ವಿಷಕಾರಿ. ತಿರುಳನ್ನು ದೊಡ್ಡ ಕಣ್ಣಿನ ಸ್ಟೀಲ್ ಜರಡಿಯ ಮೇಲೆ ಹಾಕಿ ಚಮಚದಲ್ಲಿ ಉಜ್ಜಿದರೆ ಬೀಜ ಮೇಲೆ ನಿಲ್ಲುತ್ತದೆ. ಕೆಲಸ ಬೇಸರದ್ದು, ಆದ್ದರಿಂದ ರೇಟು ಹೇಳುವಾಗಲೇ ಈ ಕೂಲಿಯನ್ನು ಸೇರಿಸಿಕೊಳ್ಳಿ. ಮಾವಿನ ಬಗ್ಗೆ ಒಂದೇ ಮಾತು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮದಲ್ಲಿ ನಿಷೇಧಿಸಿದ್ದಾರೆ. ಗೊತ್ತಿರುವ ಅಂಗಡಿಯಿಂದಲೇ ತನ್ನಿ, ಇಲ್ಲವೇ ಕಾಯಿ ತಂದು ಹುಲ್ಲಿನಲ್ಲಿಡಿ.

ಅಳತೆ ಹೇಳುತ್ತೇವೆ. ಒಂದು ಲೀಟರ್ ಹಾಲಿಗೆ ಸಿಪ್ಪೆ ಬೀಜ ತೆಗೆದ ಚಿಕ್ಕು 400 ಗ್ರಾಂ, ಸಕ್ಕರೆ 60ರಿಂದ 80 ಗ್ರಾಂ. ನೊರೆ ಸೇರಿ 200 ಮಿ.ಲೀ.ನ ಎಂಟು ಗ್ಲಾಸ್ ಆಗುತ್ತದೆ. ಐವತ್ತು ಜನರಿಗೆ ಆರೂವರೆ ಲೀಟರ್ ಹಾಲು, ಸುಮಾರು 2.6 ಕಿಲೋ ತಿರುಳು. ಹಾಲನ್ನು ಹಿಂದಿನ ರಾತ್ರಿಯೇ ಕಾಯಿಸಿ, ಕೆನೆ ತೆಗೆದು ಫ್ರಿಜ್ಜಿನಲ್ಲಿಡಬೇಕು. ಕೆನೆ ಸಮೇತ ತಣ್ಣನೆಯ ಹಾಲನ್ನು ಮಿಕ್ಸಿಗೆ ಹಾಕಿದರೆ ಬೆಣ್ಣೆಯ ಕಾಳು ಎದ್ದು ತುಟಿಗೆ ಅಂಟುತ್ತದೆ.

ಶೇಕಿಗೆ ಐಸ್ ಹಾಕುವ ಅಭ್ಯಾಸವನ್ನು ನಾವು ಬಿಟ್ಟು ಬಹಳ ವರ್ಷವಾಯಿತು. ಐಸ್ ಕರಗಿದರೆ ಹಾಲು ನೀರಾಗುತ್ತದೆ. ಅದರ ಬದಲು ಹಣ್ಣಿನ ತುಂಡುಗಳನ್ನೇ ಹಿಂದಿನ ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ, ಹಾಲಿನಲ್ಲೂ ನಾಲ್ಕನೇ ಒಂದು ಪಾಲನ್ನು ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ. ಎರಡನ್ನೂ ಸೇರಿಸಿ ತಿರುಗಿಸಿದರೆ ಐಸ್‌ಕ್ರೀಮ್ ಹಾಕದೆಯೇ ಶೇಕ್ ದಪ್ಪಗೆ ಬರುತ್ತದೆ. ಮನೆಯ ಮಿಕ್ಸಿಗೆ ಕಲ್ಲಿನಂಥ ತುಂಡು ಒಮ್ಮೆಗೇ ಹಾಕಬೇಡಿ, ಐದು ನಿಮಿಷ ಹೊರಗಿಟ್ಟು ಸ್ವಲ್ಪ ಸ್ವಲ್ಪವೇ ಹಾಕಿ. ಇನ್ನೊಬ್ಬರ ಮನೆಯ ಮಿಕ್ಸಿ ಸುಟ್ಟರೆ ಆ ದಿನದ ಲಾಭ ಅಲ್ಲಿಗೇ ಹೋಯಿತು.

ತಣ್ಣನೆಯದಕ್ಕೆ ಸಕ್ಕರೆ ಬೇಗ ಕರಗುವುದಿಲ್ಲ. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು ಹಾಕಿ ಒಂದು ಕುದಿ ಬರಿಸಿ, ಸೋಸಿ, ಬಾಟ್ಲಿಯಲ್ಲಿ ಇಟ್ಟುಕೊಳ್ಳಿ. ಇದರ ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ.ನಲ್ಲಿ ಸುಮಾರು 13 ಗ್ರಾಂ ಸಕ್ಕರೆ ಇರುತ್ತದೆ. ಇದರಿಂದ ಇನ್ನೊಂದು ಅನುಕೂಲ ಇದೆ. ಈಗ ಯಾವ ಮನೆಗೆ ಹೋದರೂ ನಾಲ್ಕು ಜನ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ಸಿರಪ್ ಹಾಕುವ ಮೊದಲೇ ಒಂದು ಜಗ್ ಬೇರೆ ತೆಗೆದಿಡಬಹುದು. ಆದರೆ ಅದನ್ನು "ಶುಗರ್ ಫ್ರೀ" ಎಂದು ಹೇಳಿ ಕೊಡಬೇಡಿ. ಚಿಕ್ಕು, ಮಾವಿನಲ್ಲಿ ಹಣ್ಣಿನದ್ದೇ ಸಕ್ಕರೆ ಬೇಕಾದಷ್ಟಿದೆ. "ಮೇಲಿನಿಂದ ಸಕ್ಕರೆ ಹಾಕಿಲ್ಲ" ಎಂದು ಹೇಳಿ. ಅಂಥವರಿಗೆ ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ ಇಟ್ಟರೆ ಇನ್ನೂ ಒಳ್ಳೆಯದು.

ಹಾಲಿಲ್ಲದ ಪಾನೀಯಕ್ಕೆ ಬರುವಾ. ಕಿತ್ತಳೆ ಮೋಸಂಬಿ ಕೂಡಿಸಿದ್ದಕ್ಕೆ ಇಲ್ಲಿಯ ಜ್ಯೂಸ್ ಸೆಂಟರಿನಲ್ಲಿ ಗಂಗಾ ಜಮುನಾ ಎನ್ನುತ್ತಾರೆ. ರುಚಿ ಚೆನ್ನ, ಆದರೆ ಮೋಸಂಬಿ ರಸ ನಿಂತಷ್ಟೂ ಕಹಿಯಾಗುತ್ತದೆ. ಬೀಜ, ಬಿಳಿ ತೊಗಟೆ ಜಜ್ಜಿ ಹೋದರೆ ಇನ್ನೂ ಬೇಗ. ಆದ್ದರಿಂದ ಮಿಕ್ಸಿಗೆ ಹಾಕಬಾರದು, ಕೈಯಿಂದ ಹಿಂಡಿ ಆಗಲೇ ಕೊಡಬೇಕು. ಐವತ್ತು ಜನರಿಗೆ ಮನೆಯಲ್ಲಿ ಅದು ಆಗದ ಮಾತು.

ನಮ್ಮ ಆಯ್ಕೆ ಪುನರ್ಪುಳಿ. ನಮ್ಮ ಊರಿನ ಕಡೆ ಮನೆಗೆ ಬಂದವರಿಗೆ ಬೆಲ್ಲ ನೀರು, ಬೇಸಗೆಯಲ್ಲಾದರೆ ಪುನರ್ಪುಳಿ ಶರಬತ್ತು ಕೊಟ್ಟೇ ಮಾತಾಡಿಸುವುದು. ಮರಾಠಿಯವರಿಗೂ ಕೋಕಂ ಹೊಸದಲ್ಲ, ಆದ್ದರಿಂದ ಎರಡೂ ಕಡೆಯ ಅತಿಥಿಗಳಿಗೆ ಸರಿಹೊಂದುತ್ತದೆ. ಒಣ ಸಿಪ್ಪೆ 100 ಗ್ರಾಂ ತೊಳೆದು ಅರ್ಧ ಲೀಟರ್ ಬಿಸಿ ನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿ, ಕಿವುಚಿ, ಸೋಸಿ, ಅರ್ಧ ಕಿಲೋ ಸಕ್ಕರೆ ಹಾಕಿ ಕುದಿಸಿ ತಣಿಸಿ. ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಒಂದು ಗ್ಲಾಸಿಗೆ 30 ಮಿ.ಲೀ. ಸಾಕು. ಅಂಗಡಿಯಲ್ಲಿ ಕೊಳ್ಳುವಾಗ ಮರಾಠಿಯವರು ಆಗಳ್ ಎನ್ನುವ ಉಪ್ಪು ಹಾಕಿದ ರಸವನ್ನು ತಪ್ಪಿ ತರಬೇಡಿ, ಅದು ಸೋಲ್‌ಕಡಿಗೆ. ಹುಳಿ ಪಾನೀಯ ಯಾವುದನ್ನೂ ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬಾರದು. ಸ್ಟೀಲ್ ಅಥವಾ ಗಾಜು ಮಾತ್ರ.

ಇದಕ್ಕೇ ನೀರಿನ ಬದಲು ಸೋಡಾ ಹಾಕಿದರೆ ಮಕ್ಕಳು ಮಾಕ್‌ಟೇಲ್ ಎನ್ನುತ್ತಾರೆ, ರೇಟೂ ಸ್ವಲ್ಪ ಜಾಸ್ತಿ ಹೇಳಬಹುದು. ಕ್ರಮ ಮಾತ್ರ ತಪ್ಪಬಾರದು. ಮೊದಲು ಸಿರಪ್, ಆಮೇಲೆ ಲಿಂಬೆ ರಸ, ಆಮೇಲೆ ಐಸ್, ಕೊನೆಗೆ ಗ್ಲಾಸಿನ ಬದಿಯಿಂದ ಸೋಡಾ. ಉದ್ದ ಚಮಚದಲ್ಲಿ ಎರಡೇ ಸುತ್ತು. ಸೋಡಾ ಬಾಟ್ಲಿ ಚೆನ್ನಾಗಿ ತಣ್ಣಗಿದ್ದರೆ ಗ್ಯಾಸ್ ನಿಲ್ಲುತ್ತದೆ, ಬಿಸಿಲಿನಲ್ಲಿಟ್ಟ ಸೋಡಾ ನೊರೆಯಾಗಿ ಹೊರಗೆ ಹೋಗುತ್ತದೆ. ಕಾಮಕಸ್ತೂರಿ ಬೀಜ ಹಾಕುವುದಿದ್ದರೆ ಇಪ್ಪತ್ತು ನಿಮಿಷ ನೀರಿನಲ್ಲಿ ಪೂರ್ತಿ ಉಬ್ಬಿಸಿಯೇ ಹಾಕಿ, ಒಣಗಿದ್ದನ್ನು ಉದುರಿಸಬೇಡಿ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರನ್ನು ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಅವರು ಕೆಲವೊಮ್ಮೆ ರುಚಿಗೆಂದು ಬಿಟರ್ಸ್ ಎರಡು ಹನಿ ಹಾಕುತ್ತಾರೆ. ಅಂಗೊಸ್ಟುರಾ ಬಿಟರ್ಸ್‌ನಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮದ್ಯಸಾರ ಇದೆ. ಎರಡು ಹನಿಯಿಂದ ಯಾರಿಗೂ ಅಮಲು ಏರುವುದಿಲ್ಲ, ನಿಜ. ಆದರೆ ಪೂಜೆಯ ಮನೆಗೆ ಮದ್ಯವಿಲ್ಲದ ಪಾನೀಯ ಎಂದು ಮಾತು ಕೊಟ್ಟ ಮೇಲೆ ಆ ಎರಡು ಹನಿಯೂ ಇರಬಾರದು. ಬ್ಲೂ ಕ್ಯುರಸಾವ್ ಎಂಬ ಹೆಸರಿನಲ್ಲಿ ಮದ್ಯವೂ ಇದೆ, ಬರೀ ಸಿರಪ್ಪೂ ಇದೆ. ಲೇಬಲ್ ಓದಿ ಕೊಳ್ಳಿ. ಕೆಂಪು ಸಿರಪ್ ಕೊಳ್ಳುವಾಗ ಹಸಿರು ಗುರುತು ನೋಡಿ, ಏಕೆಂದರೆ ನಂಬರ್ 120ರ ಕೆಂಪು ಬಣ್ಣ ಹುಳದಿಂದ ತೆಗೆಯುವಂಥದ್ದು.

ಈಗ ಐಸ್. ನಮಗೆ ಎಲ್ಲಕ್ಕಿಂತ ಹೆಚ್ಚಿನ ಭಯ ಇದರದ್ದೇ. ಚಳಿಗೆ ರೋಗಾಣು ಸಾಯುತ್ತದೆ ಎಂದು ನಮ್ಮ ಅಡುಗೆಯವರೇ ನಂಬಿದ್ದಾರೆ. ಸಾಯುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಕರಗಿದ ಕೂಡಲೇ ಏಳುತ್ತದೆ. ಗೋಣಿಯಲ್ಲಿ ಸುತ್ತಿ ಕೈಗಾಡಿಯಲ್ಲಿ ಬರುವ ಲಾದಿ ಐಸ್ ಯಾವ ನೀರಿನದು, ಎಲ್ಲಿ ಎಳೆದು ತಂದದ್ದು, ನಮಗೆ ಗೊತ್ತಾಗುವುದಿಲ್ಲ. ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಲಿಕ್ಕಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ಆದೇಶ ಬಂತು. ಒಳ್ಳೆಯದೇ. ಆದರೆ ಬಿಳಿ ಇದ್ದ ಮಾತ್ರಕ್ಕೆ ಗ್ಲಾಸಿಗೆ ಹಾಕಬಹುದು ಎಂದಲ್ಲ. ಲಾದಿ ಐಸ್ ಬಾಟ್ಲಿಯ ಸುತ್ತ ಹೊರಗೆ ಇರಲಿ.

ಗ್ಲಾಸಿಗೆ ಬೇಕಾದ ಐಸನ್ನು ಮನೆಯಲ್ಲೇ ಮಾಡಬಹುದು, ಲೆಕ್ಕ ಹಾಕಿದರೆ ಸಾಕು. ಐವತ್ತು ಗ್ಲಾಸಿಗೆ ಮೂರರಂತೆ 150 ತುಂಡು. ಒಂದು ಟ್ರೇಯಲ್ಲಿ 14 ತುಂಡು. ಎರಡು ಟ್ರೇ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಮೂರು ಸಲ ತುಂಬಿಸಿದರೆ ದಿನಕ್ಕೆ 84. ಎರಡು ದಿನದಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಕುದಿಸಿ ತಣಿಸಿದ ನೀರು, ಶುದ್ಧ ಪ್ಲಾಸ್ಟಿಕ್ ಚೀಲ, ಫ್ರೀಜರ್. ಕಾರ್ಯಕ್ರಮದ ದಿನ ಥರ್ಮಕೋಲ್ ಡಬ್ಬಿಯಲ್ಲಿ ಚೀಲ ಸಮೇತ ಒಯ್ಯಿರಿ. ತೆಗೆಯಲು ಇಕ್ಕಳ ಅಥವಾ ಹಿಡಿ ಇರುವ ಸೌಟು ಇಡಿ. ಗ್ಲಾಸಿನಿಂದಲೇ ಮೊಗೆಯುವ ಹುಡುಗನನ್ನು ಅಲ್ಲಿ ನಿಲ್ಲಿಸಬೇಡಿ, ಗಾಜು ಚೂರಾದರೆ ಐಸಿನಲ್ಲಿ ಕಾಣುವುದಿಲ್ಲ.

ಮಿಕ್ಸಿ ಜಾರಿನ ಬ್ಲೇಡಿನ ಕೆಳಗಿನ ವಾಷರ್ ಬಿಚ್ಚಿ ಒಮ್ಮೆ ಮೂಸಿ ನೋಡಿ. ಹಳೆ ಬೆಳ್ಳುಳ್ಳಿ ಚಟ್ನಿಯ ವಾಸನೆ ಅಲ್ಲೇ ಅಡಗಿರುತ್ತದೆ. ಶೇಕಿಗೆಂದು ಬೇರೆ ಜಾರ್ ಒಂದನ್ನು ನಮ್ಮ ಚೀಲದಲ್ಲೇ ಒಯ್ಯುತ್ತೇವೆ, ಸಾಧ್ಯವಾದರೆ ನಮ್ಮದೇ ಮಿಕ್ಸಿ. ಹೊಸ ಪಾನೀಯ ಒಪ್ಪಿಕೊಂಡರೆ ಮೊದಲು ನಮ್ಮ ಮನೆಯಲ್ಲಿ ನಾಲ್ಕು ಗ್ಲಾಸ್ ಮಾಡಿ, ಒಂದನ್ನು ಆಗಲೇ ಕುಡಿದು, ಇನ್ನೊಂದನ್ನು ಅರ್ಧ ಗಂಟೆ, ಮತ್ತೊಂದನ್ನು ಒಂದು ಗಂಟೆ, ಕೊನೆಯದನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿದು ನೋಡುತ್ತೇವೆ. ಡೊಂಬಿವಿಲಿಗೆ ಹೋಗುವ ಮೊದಲು ಇಷ್ಟು ಮಾಡಿದ್ದರೆ ಸಾಕಿತ್ತು.

ಉಳಿದ ಶೇಕನ್ನು ಮನೆಯವರು "ಇಟ್ಟು ಹೋಗಿ ಅಣ್ಣಾ, ಸಂಜೆ ಮಕ್ಕಳು ಕುಡಿಯುತ್ತವೆ" ಎಂದರೂ ನಾವು ಇಡುವುದಿಲ್ಲ, ಅಲ್ಲಿ ಇದ್ದವರಿಗೇ ಇನ್ನೊಂದು ಗ್ಲಾಸ್ ಕೊಟ್ಟು ಮುಗಿಸುತ್ತೇವೆ. ಉಳಿದ ಪುನರ್ಪುಳಿ ಸಿರಪ್ ಇದ್ದರೆ ಬಾಟ್ಲಿಯಲ್ಲಿ ತುಂಬಿ, ಮಾಡಿದ ತಾರೀಕು ಬರೆದು, ಆ ಮನೆಯ ಫ್ರಿಜ್ಜಿನಲ್ಲೇ ಇಟ್ಟು ಬರುತ್ತೇವೆ.