ತಾರಸಿಗೂ ಲೆಕ್ಕದಲ್ಲಿ ಒಂದು ಸಾಲು

ಮನೆ ಖರ್ಚಿನ ಪುಸ್ತಕ ಬರೆಯುವವರು ಕಂದಾಯಕ್ಕೆ ಒಂದು ಸಾಲು ಇಟ್ಟಿರುತ್ತಾರೆ. ಗಾಡಿ ಸರ್ವಿಸ್‌ಗೆ, ಇನ್ಶೂರೆನ್ಸ್ ಕಂತಿಗೆ, ಹಬ್ಬದ ಬಟ್ಟೆಗೆ ಒಂದೊಂದು ಸಾಲು ಇರುತ್ತದೆ. ತಾರಸಿಗೆ ಮಾತ್ರ ಇರುವುದಿಲ್ಲ. ಮನೆ ಕಟ್ಟಿದಾಗಲೇ ಮುಗಿದ ಖರ್ಚು ಅದು ಎಂಬ ಭಾವನೆ ಎಲ್ಲರಲ್ಲೂ ಇದೆ. ಮೈಸೂರಿನ ನಮ್ಮ ಮನೆಗೆ ಮೋಲ್ಡ್ ಹಾಕಿ ಮೂವತ್ತು ವರ್ಷ ಆಗುತ್ತಾ ಬಂತು. ಅದಕ್ಕೆ ಆದ ಖರ್ಚನ್ನೆಲ್ಲ ಬರೆದಿಟ್ಟುಕೊಂಡು ಬಂದಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ: ತಾರಸಿ ವರ್ಷವರ್ಷವೂ ಸ್ವಲ್ಪ ಹಣ ಕೇಳುತ್ತದೆ. ಅದನ್ನು ಕೊಡದ ಮನೆಯವರು ಮುಂದೊಂದು ದಿನ ಲಕ್ಷದ ಲೆಕ್ಕದಲ್ಲಿ ಕೊಡಬೇಕಾಗುತ್ತದೆ.

ಹಿಂದಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಳ್ಳಾರಿ, ರಾಯಚೂರು ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮುಂಗಾರಿಗೆ ಮೊದಲು ಮಾಳಿಗೆ ಮೇಲೆ ಚೌಳು ಮಣ್ಣು ಹರಡುವುದು ಬಿತ್ತನೆಯಷ್ಟೇ ಕಾಯಂ ಕೆಲಸವಾಗಿತ್ತು. ನೀರು ತಾಗಿದರೆ ಆ ಮಣ್ಣು ಅಂಟಿಕೊಂಡು ಸಂದುಗಳನ್ನು ಮುಚ್ಚುತ್ತದೆ. ಸಿಮೆಂಟ್ ಕಾಂಕ್ರೀಟ್ ಬಂದ ಮೇಲೆ ವರ್ಷಕ್ಕೊಮ್ಮೆ ಸೂರು ಹತ್ತಿ ನೋಡುವ ಆ ರೂಢಿಯೇ ಹೋಯಿತು.

ಆದರೆ ಕಾಂಕ್ರೀಟೂ ಸುಮ್ಮನೆ ಕೂತಿರುವ ವಸ್ತುವಲ್ಲ. 10 ಮೀಟರ್ ಉದ್ದದ ಮೋಲ್ಡ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಅದರ ಅಂಚಿನಲ್ಲಿ ನಿಂತ ಇಟ್ಟಿಗೆಯ ಪ್ಯಾರಾಪೆಟ್ ಅದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಹಾಗಾಗಿ ಮೊದಲ ಬಿರುಕು ಸಾಮಾನ್ಯವಾಗಿ ಮೋಲ್ಡ್ ಮತ್ತು ಪ್ಯಾರಾಪೆಟ್ ಕೂಡುವ ಮೂಲೆಯಲ್ಲೇ ಕಾಣಿಸುತ್ತದೆ. ಒಳಗಿನ ಕಂಬಿಗೂ ಹೊರಗಿನ ಗಾಳಿಗೂ ನಡುವೆ ಇರುವುದು 20 ಮಿಲಿಮೀಟರ್‌ನಷ್ಟು ಕಾಂಕ್ರೀಟ್ ಮಾತ್ರ. ಬಿರುಕಿನಲ್ಲಿ ಇಳಿದ ನೀರು ಕಂಬಿಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಚಾವಣಿಯ ಗಾರೆ ಹಲ್ಲೆಹಲ್ಲೆಯಾಗಿ ಉದುರಿ ಕಂಬಿ ಕಾಣುವ ಹೊತ್ತಿಗೆ ಅದು ಬಳಿಯುವ ಡಬ್ಬಿಯಿಂದ ಮುಗಿಯುವ ಕೆಲಸವಾಗಿ ಉಳಿದಿರುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕಾಗುತ್ತದೆ.

ಕೆಲವು ವರ್ಷದ ಹಿಂದೆ ನಮ್ಮ ಮಲಗುವ ಕೋಣೆಯ ಚಾವಣಿಯ ಮೂಲೆಯಲ್ಲಿ ಅಂಗೈಯಗಲದ ತೇವದ ಕಲೆ ಮೂಡಿತು. ಮೊದಲು ಬಂದ ಕಂಟ್ರಾಕ್ಟರ್ ಐದು ನಿಮಿಷ ಮೇಲೆ ಓಡಾಡಿ, ‘ಸಾರ್, ಹಳೇದೆಲ್ಲ ಕಿತ್ತು ಹೊಸದಾಗಿ ಹಾಕೋದೇ ವಾಸಿ’ ಎಂದರು. 900 ಚದರಡಿಗೆ ಅವರು ಹೇಳಿದ ಮೊತ್ತ ಎರಡು ಲಕ್ಷ ದಾಟಿತ್ತು. ನಾನು ನಮ್ಮ ಬಡಾವಣೆಯಲ್ಲೇ ಬಹುಕಾಲದಿಂದ ಗಾರೆ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ತಾರಸಿ ಹತ್ತುವ ಮೊದಲು ಕಲೆಯ ಕೆಳಗೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: ‘ಸ್ವಾಮಿ, ಬ್ಯಾಸಗೇಲೂ ಇದು ಹಿಂಗೇ ಇರ್ತದಾ?’

ಆ ಪ್ರಶ್ನೆಯಲ್ಲಿ ಸಾವಿರಾರು ರೂಪಾಯಿಯ ಉಳಿತಾಯ ಇದೆ. ಮಳೆ ಬಂದ ಮರುದಿನ ದೊಡ್ಡದಾಗಿ, ಒಣ ಹವೆಯಲ್ಲಿ ಮಾಸುವ ಕಲೆ ಮಳೆನೀರಿನದು. ಏಪ್ರಿಲ್ ಬಿಸಿಲಲ್ಲೂ ಹಾಗೆಯೇ ಉಳಿದರೆ ಅದು ಟ್ಯಾಂಕಿನದೋ, ಸೋಲಾರ್ ಪೈಪಿನದೋ, ಬಚ್ಚಲಿನದೋ ಆಗಿರುತ್ತದೆ. ಅದಕ್ಕೆ ಕರೆಯಬೇಕಾದವರು ಪ್ಲಂಬರ್. ನಮ್ಮದು ಮಳೆಯದೇ ಆಗಿತ್ತು. ಮೇಸ್ತ್ರಿ ನೀರಿಳಿಯುವ ಪೈಪಿನ ಬಾಯಿಗಳಿಗೆ ಮರಳು ತುಂಬಿದ ಬಟ್ಟೆಗಂಟು ತುರುಕಿ, ತಾರಸಿಯ ಆ ಭಾಗಕ್ಕೆ ಮಣ್ಣಿನ ಬದು ಕಟ್ಟಿ, ಒಂದು ಅಂಗುಲ ನೀರು ನಿಲ್ಲಿಸಿದರು. ಎರಡು ದಿನ ಕಾದರೂ ಕೆಳಗೆ ಕಲೆ ಬೆಳೆಯಲಿಲ್ಲ. ಆಮೇಲೆ ಪ್ಯಾರಾಪೆಟ್ಟಿನ ಬುಡಕ್ಕೆ, ಪೈಪ್ ಗೋಡೆ ತೂರುವಲ್ಲಿಗೆ ಬಕೆಟ್ಟಿನಿಂದ ನೀರು ಹೊಯ್ದರು. ಸಂಜೆಯೊಳಗೆ ಕಲೆಯ ಅಂಚು ಕಪ್ಪಾಯಿತು. ಪೈಪಿನ ಸುತ್ತಲಿನ ಗಾರೆ ಸಡಿಲವಾಗಿತ್ತು. ಕರಣೆಯ ತುದಿ ತೂರಿಸಿದಾಗ ಒಳಗಿನಿಂದ ಕೂದಲೆಳೆಯಂಥ ಅರಳಿಯ ಬೇರು ಎದ್ದು ಬಂತು.

ಆ ಮೂಲೆಯನ್ನಷ್ಟೇ ಬಿಡಿಸಿ, ಬೇರು ಕಿತ್ತು, ಪೈಪಿನ ಸುತ್ತ ಕುಗ್ಗದ ಗ್ರೌಟ್ ತುಂಬಿ, ಪ್ಯಾರಾಪೆಟ್ಟಿನ ಬುಡದುದ್ದಕ್ಕೂ ಗಾರೆಯನ್ನು ಗುಂಡಗೆ ತೀಡಿ, ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ ವಾಟರ್‌ಪ್ರೂಫ್ ಬಳಿದು ಮುಗಿಸಿದಾಗ ಸಾಮಾನು ಕೂಲಿ ಸೇರಿ ಬಿಲ್ಲು 14,000 ರೂಪಾಯಿ ಆಯಿತು. ಅಲ್ಲಿಂದೀಚೆಗೆ ಆ ಮೂಲೆ ಒಣಗಿಯೇ ಇದೆ. ಎರಡು ಲಕ್ಷದ ಕೆಲಸ ಯಾವ ಮನೆಗೂ ಬೇಡ ಎನ್ನುತ್ತಿಲ್ಲ. ಕೆಲವು ತಾರಸಿಗಳಿಗೆ ಅದೇ ಮದ್ದು. ಆದರೆ ನೀರು ನಿಲ್ಲಿಸಿ ನೋಡದೆ ದರ ಹೇಳುವವರಿಗೆ ಮುಂಗಡ ಕೊಡಬಾರದು. ಕಂಬಿ ಕಾಣುವಷ್ಟು ಹಾಳಾದ ಮೋಲ್ಡಿನ ಮೇಲೆ ಮಾತ್ರ ಎಂಜಿನಿಯರನ್ನು ಕೇಳದೆ ನೀರು ನಿಲ್ಲಿಸುವ ಪರೀಕ್ಷೆ ಮಾಡಬೇಡಿ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸೋರಿದಾಗಲೆಲ್ಲ ಹಳೆಯದರ ಮೇಲೆ ಎರಡು ಅಂಗುಲ ಗಾರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಆ ದಪ್ಪದ ಗಾರೆ ಚದರ ಮೀಟರಿಗೆ ನೂರು ಕಿಲೋ ತೂಗುತ್ತದೆ. 900 ಚದರಡಿ ತಾರಸಿಗೆ ಅದು ಎಂಟು ಟನ್ ಮೀರುತ್ತದೆ. ಒಂದು ಪದರ ಆಯಿತು, ಹತ್ತು ವರ್ಷಕ್ಕೆ ಇನ್ನೊಂದು ಪದರ ಎಂದು ಏರಿಸುತ್ತಾ ಹೋದರೆ ಹೊರುವ ಮೋಲ್ಡು ಅದೇ ಹಳೆಯದು. ಹೊಸ ಪದರ ಬೇಕಾದರೆ ಹಳೆಯದನ್ನು ಕಿತ್ತೇ ಹಾಕಿಸಿ. ಕೀಳುವ ಕೂಲಿ ಉಳಿಸಲು ಹೋಗಬೇಡಿ.

ನಮ್ಮ ಮನೆಯಲ್ಲಿ ವರ್ಷದ ಕೆಲಸ ಯುಗಾದಿಯ ಆಸುಪಾಸಿನಲ್ಲಿ. ಪಕ್ಕದ ಹೊಂಗೆ ಎಲೆ ಉದುರಿಸಿ ಮುಗಿಸಿರುತ್ತದೆ, ಭರಣಿ ಮಳೆಗೆ ಇನ್ನೂ ಸಮಯ ಇರುತ್ತದೆ. ಎಲೆ, ದೂಳು, ಪಾಚಿ ಉಜ್ಜಿ ತೆಗೆಸುತ್ತೇವೆ. ಪೈಪಿನ ಬಾಯಿಯ ಜಾಲರಿ ಬಿಚ್ಚಿ ತೊಳೆಯುತ್ತೇವೆ. ಗೆರೆಬಿರುಕು ಕಂಡಲ್ಲಿ ಕೊರೆದು ಸೀಲೆಂಟ್ ತುಂಬಿಸುತ್ತೇವೆ. ಟ್ಯಾಂಕಿನ ಬಾಲ್ ಕಾಕ್ ಕೆಟ್ಟು ಒಂದೇ ಜಾಗಕ್ಕೆ ನೀರು ಬೀಳುತ್ತಿದೆಯೇ, ಸೋಲಾರ್ ಸ್ಟ್ಯಾಂಡಿನ ಕಾಲುಗಳ ಬೋಲ್ಟು ಮೋಲ್ಡನ್ನು ಕೊರೆದಿದೆಯೇ ಎಂದು ನೋಡುತ್ತೇವೆ. ಮೊದಲ ಮಳೆ ನಿಂತ ಮೇಲೆ ನೀರು ಎಲ್ಲಿ ತಂಗಿದೆಯೋ ಅಲ್ಲಿ ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ವಾಟ ಎಲ್ಲಿ ತಪ್ಪಿದೆ ಎನ್ನುವುದು ರಸಮಟ್ಟ ಇಲ್ಲದೆಯೇ ಗೊತ್ತಾಗುತ್ತದೆ. ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕು. ನೂರು ಚದರಡಿಯ ತಗ್ಗಿನಲ್ಲಿ ಅರ್ಧ ಅಂಗುಲ ನೀರು ನಿಂತರೆ ಅದು ನೂರು ಲೀಟರ್ ಮೀರಿದ ನೀರು. ಮೈಸೂರು, ಬೆಂಗಳೂರಿಗೆ ಅಕ್ಟೋಬರಿನಲ್ಲೂ ಜೋರು ಮಳೆ ಇರುವುದರಿಂದ ಗೌರಿ ಹಬ್ಬದ ಹೊತ್ತಿಗೆ ಜಾಲರಿಗಳನ್ನು ಮತ್ತೊಮ್ಮೆ ತೊಳೆಯುವುದು ಒಳ್ಳೆಯದು.

ಇಷ್ಟಕ್ಕೆ ನಮಗೆ ವರ್ಷಕ್ಕೆ 2,500 ರೂಪಾಯಿ ಸಾಕಾಗುತ್ತದೆ. ಅದು ಮನೆ ಖರ್ಚಿನಲ್ಲೇ ಹೋಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಇಡೀ ತಾರಸಿಗೆ ಬಿಳಿಯ ಅಕ್ರಿಲಿಕ್ ಕೋಟ್ ಹೊಡೆಸುತ್ತೇವೆ. ಚದರಡಿಗೆ 40 ರೂಪಾಯಿಯಂತೆ 36,000. ಇದಕ್ಕಾಗಿ ತಿಂಗಳಿಗೆ 600 ರೂಪಾಯಿಯ ಆರ್‌ಡಿ ಇದೆ. 5 ವರ್ಷಕ್ಕೆ ಕಟ್ಟುವುದು 36,000. ಅಂಚೆ ಕಚೇರಿಯ ಶೇ 6.7ರ ಬಡ್ಡಿಯಲ್ಲಿ ಕೈಗೆ ಬರುವುದು 42,800ರ ಹತ್ತಿರ. ಮಿಕ್ಕ ಹಣ ಮೂಲೆಗಳ ರಿಪೇರಿಗೆ ಆಗುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಮೋಲ್ಡ್ ಹಿಗ್ಗುವುದೂ ಕಡಿಮೆ, ಕೆಳಗಿನ ಕೋಣೆಯ ಕಾವೂ ಕಡಿಮೆ.

ಕರಾವಳಿ, ಮಲೆನಾಡಿನ ಲೆಕ್ಕವೇ ಬೇರೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಕಡೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹಾಕಿಸುವುದನ್ನೇ ಜನ ಆರಿಸಿಕೊಂಡಿದ್ದಾರೆ. ಖರ್ಚು ಹೆಚ್ಚಾದರೂ ಅಲ್ಲಿ ಅದು ಸರಿಯಾದ ಆಯ್ಕೆ. ಅಡಿಕೆ, ಬಟ್ಟೆ ಒಣಗಿಸಲು ಜಾಗವೂ ಆಯಿತು.

ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯವರು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ನನ್ನ ತಂಗಿ ಬೆಂಗಳೂರಿನಲ್ಲಿ ಅಂಥ ಮನೆಯಲ್ಲಿದ್ದಾಳೆ. ಚಾವಣಿ ಸೋರಿದಾಗ ಕೆಳಗಿನ ಮನೆಗಳವರು ‘ಅದು ನಿಮ್ಮ ತಲೆನೋವು’ ಎಂದುಬಿಟ್ಟರು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಸೂರು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿದೆ. ರಿಪೇರಿ ಎಲ್ಲ ಮಾಲೀಕರ ಪಾಲಿನ ಖರ್ಚು. ಅವಳು ಅದನ್ನೇ ಬರೆದುಕೊಟ್ಟ ಮೇಲೆ ಸಂಘ ಒಪ್ಪಿತು. ಹೊಸ ಕಟ್ಟಡವಾದರೆ ಇನ್ನೂ ಒಂದು ರಕ್ಷಣೆ ಇದೆ. ರೇರಾ ಕಾಯ್ದೆಯ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಾಮಗಾರಿಯ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ದೂರು ಬಾಯಿಮಾತಿನಲ್ಲಿ ಬೇಡ. ಫೋಟೊ ಸಹಿತ ಇಮೇಲ್ ಕಳಿಸಿ.

ಮನೆ ವಿಮೆಯನ್ನು ನಂಬಿ ಕೂರಬೇಡಿ. ವರ್ಷಗಟ್ಟಲೆ ನಿಧಾನವಾಗಿ ಇಳಿದ ತೇವಕ್ಕೆ ಸಾಮಾನ್ಯವಾಗಿ ವಿಮಾ ಪರಿಹಾರ ಸಿಗುವುದಿಲ್ಲ. ಸ್ವಂತ ವಾಸದ ಮನೆಯ ರಿಪೇರಿಗೆ ಸಾಲ ಮಾಡಿದವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಯನ್ನು ಕಳೆದು ತೋರಿಸಬಹುದು.

ಕೆಲಸ ಒಪ್ಪಿಸುವಾಗ ನಾನು ಅನುಸರಿಸುವ ಕರಾರು ಇದು: ಸಾಮಾನಿಗೆ ಅರ್ಧ ಮುಂಗಡ, ಕೆಲಸ ಮುಗಿದ ದಿನ ಶೇ 30, ಉಳಿದ ಶೇ 20 ಮೊದಲ ದೊಡ್ಡ ಮಳೆ ಕಳೆದ ಮೇಲೆ. ಡಬ್ಬಿಗಳನ್ನು ನನ್ನೆದುರಿಗೇ ತೆರೆಯಬೇಕು, ಖಾಲಿಯಾದವನ್ನು ಎಣಿಸಿ ಬಿಲ್ಲಿಗೆ ತಾಳೆ ನೋಡಬೇಕು. ನಮ್ಮ ಮೇಸ್ತ್ರಿ ಇದಕ್ಕೆ ಎಂದೂ ಬೇಸರಪಟ್ಟಿಲ್ಲ. ಮಳೆ ಬಂದ ಮಾರನೆಯ ಬೆಳಿಗ್ಗೆ ಅವರೇ ಬಂದು ಕಲೆ ಇದ್ದ ಮೂಲೆಯ ಕೆಳಗೆ ನಿಂತು ನೋಡಿ, ಉಳಿದ ದುಡ್ಡು ಪಡೆದು ಹೋಗುತ್ತಾರೆ.