ಎಳೆಯ ಕುದುರೆಯನ್ನು ಕೊಳ್ಳುವ ಮುನ್ನ

ವಿಜಯನಗರದ ಅರಸ ಸಾಳುವ ನರಸಿಂಹನ (1485-1491) ಕುದುರೆಯ ಹಂಬಲವನ್ನು ಕುರಿತು ಪೋರ್ಚುಗೀಸ್ ವರ್ತಕನಾದ ನೂನಿಜ್ ಒಂದು ವಿಚಿತ್ರ ಸಂಗತಿಯನ್ನು ಬರೆದಿಟ್ಟಿದ್ದಾನೆ. ಆರ್ಮುಜ್ ಮತ್ತು ಏಡನ್‌ಗಳಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು, ಬದುಕಿರಲಿ ಸತ್ತಿರಲಿ, ಸಾವಿರ ಪರ್ದಾವ್ ನಾಣ್ಯಗಳಿಗೆ ಮೂರರಂತೆ ಅರಸನು ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತು. ವರ್ತಕರು ಹಿಂಜರಿಯದೆ ಬರುತ್ತಿರಲಿ ಎಂಬುದು ಅವನ ಲೆಕ್ಕವಾಗಿದ್ದಿರಬೇಕು. ತನ್ನ ಸ್ವಂತ ಹಣದಿಂದ ಒಂದೇ ಒಂದು ಕುದುರೆಯನ್ನು ಕೊಳ್ಳುವವನಿಗೆ ಈ ಔದಾರ್ಯ ಸಲ್ಲದು.

ಕುದುರೆಯು 25 ವರ್ಷಗಳಿಗೂ ಮೀರಿ ಬಾಳಬಲ್ಲ ಪ್ರಾಣಿ. ಎರಡನೆಯ ವರ್ಷದಲ್ಲಿಯೇ ಕುಂಟತೊಡಗಿದ ಕುದುರೆಗೂ ಅಷ್ಟೂ ಕಾಲ ಮೇವು, ಲಾಯ, ಆರೈಕೆಗಳು ಬೇಕು. ಒಡೆಯನಿಗೆ ಅದು ಸಾಧ್ಯವಾಗದಿದ್ದರೆ ಆ ಮೂಕಪ್ರಾಣಿ ಕೈಯಿಂದ ಕೈಗೆ, ಕಡಮೆ ಬೆಲೆಯಿಂದ ಇನ್ನೂ ಕಡಮೆ ಬೆಲೆಗೆ ಸಾಗುತ್ತ ಹೋಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವ ಪದ್ಧತಿಯಿಂದ ಕೊಳ್ಳುವವನಿಗೆ ಮಾತ್ರವಲ್ಲ, ಕುದುರೆಗೂ ಹಿತವುಂಟು.

ಪರೀಕ್ಷಿಸುವ ವೈದ್ಯರು ಕೊಳ್ಳುವವನು ನೇಮಿಸಿಕೊಂಡವರಾಗಿರಬೇಕು. ಮಾರುವವನ ಲಾಯಕ್ಕೆ ಎಂದಿನಿಂದಲೂ ಬಂದುಹೋಗುವವರಾಗಿರಬಾರದು. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಇಬ್ಬರ ಹಿತವನ್ನು ಒಬ್ಬರೇ ಕಾಯುವುದು ಕಷ್ಟ. ಕುದುರೆ ಯಾವ ಕೆಲಸಕ್ಕೆ ಬೇಕಾಗಿದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬಾಲಕರ ಸವಾರಿಗೆ ಅಡ್ಡಿಯಾಗದ ದೋಷವೇ ಪಂದ್ಯದ ಕುದುರೆಗೆ ಮುಳುವಾದೀತು. ಪರೀಕ್ಷೆಯ ಸ್ಥಳದಲ್ಲಿ ಕತ್ತಲೆಯ ಕೊಠಡಿಯೊಂದು, ಗಟ್ಟಿಯಾದ ಸಮನೆಲ, ಓಡಿಸಲು ಮೆತ್ತನೆಯ ಬಯಲು ಇರಬೇಕು. ಕತ್ತಲೆಯೇತಕ್ಕೆ? ಪಾಪೆ ಅಗಲವಾಗಿ ತೆರೆದಾಗ ಮಾತ್ರ ಕಣ್ಣಿನ ಒಳಭಾಗ ಚೆನ್ನಾಗಿ ಕಾಣುತ್ತದೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಗಾದೆ ಹಣ ತೆತ್ತು ಕೊಳ್ಳುವ ಕುದುರೆಗೆ ಅನ್ವಯಿಸದು. ಎಳೆಯ ಕುದುರೆಯ ವಯಸ್ಸನ್ನು ಹಲ್ಲು ಸಾಕಷ್ಟು ನಂಬಿಕೆಗೆ ತಕ್ಕಂತೆ ತಿಳಿಸುತ್ತದೆ. ಮುಂದಿನ ಬಾಚಿಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ ಹಾಲುಹಲ್ಲುಗಳನ್ನು ತಳ್ಳಿ ಹುಟ್ಟುತ್ತವೆ. ವಯಸ್ಸನ್ನು ಖಚಿತವಾಗಿ ತಿಳಿಯುವುದು ಏಕೆ ಮುಖ್ಯವೆಂದರೆ, ಎಳೆಯ ಕುದುರೆಯ ಅಸ್ಥಿಪಂಜರ ಇನ್ನೂ ಪೂರ್ಣವಾಗಿರುವುದಿಲ್ಲ. ನೀಳವಾದ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ತಟ್ಟೆಗಳಿದ್ದು, ಎಲುಬು ಉದ್ದವಾಗುವುದು ಅಲ್ಲಿಯೇ. ಮುಂಗಾಲಿನ ಮೊಣಕಾಲಿನ ಮೇಲಣ ತಟ್ಟೆ (ಕುದುರೆಯ ಈ ಮೊಣಕಾಲು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದುದು!) ಎಲುಬಾಗಿ ಮುಚ್ಚಿಕೊಳ್ಳಲು ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ, ಬೆನ್ನೆಲುಬಿನಲ್ಲಿ ಐದು ವರ್ಷಗಳಾದರೂ ಬೇಕು. ಬೆನ್ನ ಮೇಲೆ ಭಾರ ಹೇರುವ ಅವಸರವುಳ್ಳವರು ಇದನ್ನು ನೆನಪಿಡುವುದು ಒಳ್ಳೆಯದು.

ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಪರೀಕ್ಷೆಗೆ ಐದು ಹಂತಗಳುಂಟು: ನಿಂತಲ್ಲಿ ತಪಾಸಣೆ, ಕೈಯಲ್ಲಿ ಹಿಡಿದು ನಡೆಸುವುದು ಮತ್ತು ಓಡಿಸುವುದು, ವ್ಯಾಯಾಮ, ವಿಶ್ರಾಂತಿ, ಮತ್ತೊಮ್ಮೆ ಓಡಿಸುವುದು. ಇವುಗಳಲ್ಲಿ ಎರಡನೆಯ ಹಂತ ಬಹು ಸ್ವಾರಸ್ಯವುಳ್ಳದ್ದು. ಕುದುರೆಯ ನಡಗೆಗಳಲ್ಲಿ ‘ಟ್ರಾಟ್’ ಎಂಬ ಕಿರುಓಟವೊಂದಿದೆ. ಬಲ ಮುಂಗಾಲೂ ಎಡ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ. ಬಳಿಕ ಉಳಿದ ಜೋಡಿ. ತಾಳ ಸಮವಾಗಿರುವುದರಿಂದ ಕೊಂಚ ಕುಂಟಿದರೂ ಕಣ್ಣಿಗೆ ಬೀಳುತ್ತದೆ. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲಕ್ಕೆ ತಾಗುವಾಗ ಭಾರವನ್ನು ತಗ್ಗಿಸಿಕೊಳ್ಳಲು ಕುದುರೆ ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲು ಊರಿದಾಗ ತಲೆ ಬಾಗುತ್ತದೆ. ತಲೆ ತೂಗುವ ಲಯವನ್ನು ನೋಡಿಯೇ ನೋವಿರುವ ಕಾಲು ಯಾವುದೆಂದು ಹೇಳಬಹುದು. ಕಾಲನ್ನು ಒಂದು ನಿಮಿಷದಷ್ಟು ಮಡಿಸಿ ಹಿಡಿದು, ಬಿಟ್ಟ ಕೂಡಲೆ ಓಡಿಸಿ ನೋಡುವ ಪರೀಕ್ಷೆಯೂ ಇದೆ. ಆರೋಗ್ಯವಂತ ಕುದುರೆಯೂ ಆಗ ಒಂದೆರಡು ಹೆಜ್ಜೆ ಕುಂಟಬಹುದಾದುದರಿಂದ ಅದೊಂದನ್ನೇ ನೆಚ್ಚಿ ತೀರ್ಪು ಕೊಡುವುದು ಸರಿಯಲ್ಲ.

ಜೀನು ಹೊರಲು ಇನ್ನೂ ಕಲಿಯದ ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ ವೃತ್ತಾಕಾರವಾಗಿ ಓಡಿಸುತ್ತಾರೆ. ತೀರ ಎಳೆಯದಾದರೆ ಈ ಹಂತವನ್ನು ಬಿಡುವುದೂ ಉಂಟು. ಬಿಟ್ಟಿದ್ದರೆ ವರದಿಯಲ್ಲಿ ಹಾಗೆಂದು ಕಾಣಿಸಬೇಕು. ಏಕೆಂದರೆ ಕೆಲವು ದೋಷಗಳು ಓಟದಲ್ಲಿ ಮಾತ್ರ ತಲೆದೋರುತ್ತವೆ. ಧ್ವನಿಪೆಟ್ಟಿಗೆಯ ಎಡಭಾಗಕ್ಕೆ ಬರುವ ನರವು ಮಿದುಳಿನಿಂದ ನೇರವಾಗಿ ಬಾರದೆ, ಕುತ್ತಿಗೆಯುದ್ದಕ್ಕೂ ಇಳಿದು, ಎದೆಗೂಡಿನಲ್ಲಿ ಮಹಾಪಧಮನಿಯನ್ನು ಬಳಸಿ, ಮರಳಿ ಗಂಟಲಿಗೆ ಏರುತ್ತದೆ. ನೀಳಕೊರಳಿನ ಪ್ರಾಣಿಯಲ್ಲಿ ಈ ಸುತ್ತುದಾರಿ ಎಷ್ಟು ದೀರ್ಘವೆಂಬುದನ್ನು ಊಹಿಸಬಹುದು. ದೊಡ್ಡ ಗಾತ್ರದ ಕೆಲವು ಕುದುರೆಗಳಲ್ಲಿ ಈ ನರವು ಕ್ಷೀಣಿಸಿ, ಗಾಳಿಯ ದಾರಿ ಎಡಬದಿಯಲ್ಲಿ ಸರಿಯಾಗಿ ತೆರೆಯುವುದಿಲ್ಲ. ನಿಂತಾಗ ಯಾವ ತೊಂದರೆಯೂ ತೋರದು. ರಭಸವಾಗಿ ಓಡುವಾಗ ಉಸಿರು ಎಳೆದುಕೊಂಡಂತೆಲ್ಲ ಗೊರಗೊರ ಸದ್ದು ಕೇಳುತ್ತದೆ. ಹೃದಯದ ಕಥೆ ಇದಕ್ಕೆ ವಿರುದ್ಧ. ಬೆಳೆದ ಕುದುರೆಯ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುತ್ತದೆ, ನಡುನಡುವೆ ಒಂದು ಬಡಿತ ತಪ್ಪುವುದೂ ಉಂಟು. ವ್ಯಾಯಾಮದಿಂದ ಆ ತಪ್ಪು ಮಾಯವಾದರೆ ಸಾಮಾನ್ಯವಾಗಿ ಭಯಪಡಬೇಕಾದುದಿಲ್ಲ.

ಬೆಲೆ ಹೆಚ್ಚಿದ್ದರೆ ಕ್ಷ-ಕಿರಣ ಚಿತ್ರಗಳನ್ನೂ ತೆಗೆಸುತ್ತಾರೆ. ಬೆಳವಣಿಗೆಯ ತಟ್ಟೆಗಳು ಚಿತ್ರದಲ್ಲಿ ಕಪ್ಪುಗೆರೆಗಳಾಗಿ ಮೂಡುವುದರಿಂದ ಅನನುಭವಿಗಳು ಅವನ್ನು ಬಿರುಕೆಂದು ಭ್ರಮಿಸಿಯಾರು. ನಿಜವಾಗಿ ಹುಡುಕುವುದು ಕೀಲುಗಳಲ್ಲಿ ಮೃದ್ವಸ್ಥಿಯು ಸರಿಯಾಗಿ ಎಲುಬಾಗದೆ ಉಳಿದ ತಾಣಗಳನ್ನು. ತೀರ ಎಳೆಯ ಮರಿಗಳಲ್ಲಿ ಇಂಥವು ತಾವಾಗಿಯೇ ವಾಸಿಯಾಗುವುದುಂಟು; ವರ್ಷ ತುಂಬಿದ ಮೇಲೂ ಉಳಿದವು ಬಹುಮಟ್ಟಿಗೆ ಉಳಿದಂತೆಯೇ.

ನೋವು ಕಾಣದಂತೆ ಔಷಧ ಕೊಟ್ಟು ಕುದುರೆಯನ್ನು ಮುಂದೆ ತಂದು ನಿಲ್ಲಿಸುವ ಚಾಳಿ ಹೊಸದಲ್ಲ. ಅದಕ್ಕಾಗಿ ಪರೀಕ್ಷೆಯ ದಿನವೇ ರಕ್ತವನ್ನು ತೆಗೆದು ಕಾದಿರಿಸುತ್ತಾರೆ. ಮುಂದೆ ಸಂಶಯ ಬಂದರೆ ಅದು ಸಾಕ್ಷಿಯಾಗುತ್ತದೆ. ಭಾರತದಲ್ಲಿ ರಕ್ತಪರೀಕ್ಷೆಗೆ ಇನ್ನೊಂದು ಗುರುತರವಾದ ಕಾರಣವಿದೆ. ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ 2006ರಲ್ಲಿ ನಮ್ಮ ದೇಶದಲ್ಲಿ ಮರುಕಳಿಸಿತು. ಮನುಷ್ಯರಿಗೂ ಅಂಟುವ ಮಾರಕ ವ್ಯಾಧಿ ಇದು. 2009ರ ಪ್ರಾಣಿರೋಗ ನಿಯಂತ್ರಣ ಕಾಯಿದೆಯಂತೆ ಇದನ್ನು ಸರಕಾರಕ್ಕೆ ವರದಿ ಮಾಡಲೇಬೇಕು. ಸೋಂಕು ದೃಢಪಟ್ಟ ಕುದುರೆಗೆ ಚಿಕಿತ್ಸೆಯಿಲ್ಲ, ಅದನ್ನು ಕೊಲ್ಲಲಾಗುತ್ತದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ಇದರ ಪರೀಕ್ಷೆಯ ವ್ಯವಸ್ಥೆಯುಂಟು. ಫಲಿತಾಂಶ ಕೈಗೆ ಬರುವವರೆಗೆ ಹೊಸ ಕುದುರೆಯನ್ನು ಹಳೆಯವುಗಳ ಲಾಯಕ್ಕೆ ಸೇರಿಸತಕ್ಕದ್ದಲ್ಲ.

ಕೊನೆಗೆ ಬರುವ ವರದಿಯಲ್ಲಿ ಕುದುರೆಯನ್ನು ಗುರುತಿಸುವ ವಿವರಗಳಿರುತ್ತವೆ: ಬಣ್ಣ, ಮಚ್ಚೆ, ಮೈಮೇಲಿನ ಸುಳಿಗಳು. ನಮ್ಮ ಹಿರಿಯರು ಸುಳಿ ನೋಡಿ ಶುಭಾಶುಭಗಳನ್ನು ನಿರ್ಣಯಿಸುತ್ತಿದ್ದರು. ವೈದ್ಯರು ಅದಕ್ಕೆ ಕೊಡುವ ಅರ್ಥವೇ ಬೇರೆ: ಸುಳಿ ಆಯುಷ್ಯವಿಡೀ ಬದಲಾಗದಾದುದರಿಂದ, ಪರೀಕ್ಷಿಸಿದ ಕುದುರೆಯೂ ಮನೆಗೆ ಬಂದ ಕುದುರೆಯೂ ಒಂದೇ ಎಂಬುದಕ್ಕೆ ಅದು ಆಧಾರ. ‘ಈ ಕುದುರೆ ನಿರ್ದೋಷಿ’ ಎಂಬ ಮಾತನ್ನು ವರದಿಯಲ್ಲಿ ಹುಡುಕಬಾರದು. ಕಂಡ ದೋಷಗಳು ಇಂಥ ಕೆಲಸಕ್ಕೆ ಅಡ್ಡಿಯಾಗುವ ಸಂಭವವಿದೆಯೇ ಇಲ್ಲವೇ ಎಂಬ ಅಭಿಪ್ರಾಯವನ್ನು ಮಾತ್ರ ವೈದ್ಯರು ಕೊಡುತ್ತಾರೆ, ಅದೂ ಆ ದಿನದ ಮಟ್ಟಿಗೆ. ಬೆಳೆಯುತ್ತಿರುವ ಮೈಯ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಹೇಳುವ ವೈದ್ಯರಿದ್ದರೆ ಇನ್ನೊಬ್ಬರನ್ನು ಕೇಳುವುದು ಲೇಸು.